ಪುಱಂಪೋಕ್ಕಿನ ಚರಿತ್ರೆ: ಚೆನ್ನೈ ಪರಿಸರದ ಬಯಲು, ಕೆರೆ ಮತ್ತು ಬೇಸಾಯದ ನೆಲ

1. ಪದಗಳಿಂದ ಆರಂಭ

ತಮಿಳಿನ ‘ವಯಲ್’ ಮತ್ತು ಕನ್ನಡದ ‘ಬಯಲ್’ ಒಂದೇ ದ್ರಾವಿಡ ಮೂಲದಿಂದ ಬಂದ ಪದಗಳು. ತಮಿಳಿನಲ್ಲಿ ಇದಕ್ಕೆ ಭತ್ತದ ಗದ್ದೆ ಎಂಬ ಅರ್ಥ ಪ್ರಧಾನವಾಗಿದ್ದರೆ, ಕನ್ನಡದಲ್ಲಿ ತೆರೆದ ನೆಲ, ಮರೆಯಿಲ್ಲದ ಜಾಗ ಎಂಬ ಅರ್ಥ ಪ್ರಧಾನವಾಗಿದೆ. ಕರಾವಳಿ ಕನ್ನಡದಲ್ಲಿ ತಗ್ಗಿನ ನೀರಾವರಿ ಗದ್ದೆಯನ್ನು ಇಂದಿಗೂ ‘ಬೈಲು’ ಎಂದೇ ಕರೆಯುತ್ತಾರೆ. ಬೆಟ್ಟು, ಮಜಲು, ಬೈಲು ಎಂಬ ಅಲ್ಲಿನ ಭೂವಿಂಗಡಣೆಯಲ್ಲಿ ತಮಿಳಿನ ಅರ್ಥವೇ ಉಳಿದುಕೊಂಡಿದೆ. ತೆರೆದ ನೆಲ ಮತ್ತು ಉಳುಮೆಯ ನೆಲ ಎಂಬ, ಇಂದಿನ ನಗರಯೋಜನೆಯ ನಕಾಶೆಗಳು ಬೇರೆಬೇರೆ ಬಣ್ಣಗಳಲ್ಲಿ ತೋರಿಸುವ ಎರಡು ವರ್ಗಗಳು ಈ ಭಾಷೆಗಳ ಮೂಲದಲ್ಲಿ ಒಂದೇ ಪದದ ಎರಡು ಮಗ್ಗುಲುಗಳಾಗಿದ್ದವು ಎಂಬುದು ಗಮನಾರ್ಹ.

‘ಏರಿ’ ಎಂಬ ಪದವೂ ಇಂಥದೇ. ತಮಿಳಿನಲ್ಲಿ ಏರಿ ಎಂದರೆ ಬೇಸಾಯಕ್ಕೆ ನೀರುಣಿಸುವ ದೊಡ್ಡ ಕೆರೆ. ಕನ್ನಡದಲ್ಲಿ ಏರಿ ಎಂದರೆ ಆ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಂಡು. ಒಂದು ಭಾಷೆ ನೀರನ್ನು ಹೆಸರಿಸಿತು, ಇನ್ನೊಂದು ನೀರನ್ನು ಹಿಡಿದ ಕಟ್ಟೆಯನ್ನು ಹೆಸರಿಸಿತು. ಕೆರೆಯೆಂದರೆ ನೀರು ಮಾತ್ರವಲ್ಲ, ನೀರು, ಕಟ್ಟೆ, ಕಾಲುವೆ, ಅಚ್ಚುಕಟ್ಟು ಇವೆಲ್ಲ ಕೂಡಿದ ಒಂದು ವ್ಯವಸ್ಥೆ ಎಂಬುದನ್ನು ಈ ಎರಡು ಅರ್ಥಗಳನ್ನು ಜೊತೆಗಿಟ್ಟು ನೋಡಿದಾಗ ತಿಳಿಯಬಹುದು.

ಮೂರನೆಯ ಪದ ‘ಪುಱಂಪೋಕ್ಕು’. ‘ಪುಱಂ’ ಎಂದರೆ ಹೊರಗು. ಹಳಗನ್ನಡದ ‘ಪೊಱ’, ಹೊಸಗನ್ನಡದ ‘ಹೊರ’ ಇದರ ಸಜಾತೀಯ ರೂಪಗಳು. ‘ಪೋಕ್ಕು’ ಎಂದರೆ ಹೋಗುವಿಕೆ. ಕನ್ನಡದ ‘ಪೋಗು’, ‘ಹೋಗು’ ಧಾತುವಿಗೆ ಸಂಬಂಧಿಸಿದ್ದು. ಹೀಗೆ ಪುಱಂಪೋಕ್ಕು ಎಂದರೆ ಕಂದಾಯದ ಲೆಕ್ಕದಿಂದ ಹೊರಗೆ ಹೋದ ನೆಲ: ಕೆರೆ, ಕುಂಟೆ, ಕಾಲುವೆ, ದಾರಿ, ದನ ಮೇಯುವ ಬಯಲು, ತೋಪು, ಸ್ಮಶಾನ. ಮದ್ರಾಸ್ ಪ್ರಾಂತದ ಆಡಳಿತದ ಮೂಲಕ ಇದೇ ಪದ ‘ಪರಂಬೋಕು’ ಎಂಬ ರೂಪದಲ್ಲಿ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕನ್ನಡ ಕಂದಾಯ ದಾಖಲೆಗಳಿಗೂ ಬಂದಿತು. ಇಂದು ಚೆನ್ನೈಯ ಬೀದಿಯಲ್ಲಿ ಇದು ಕೆಲಸಕ್ಕೆ ಬಾರದವನನ್ನು ಹೀಯಾಳಿಸುವ ಬೈಗುಳ. ಎಲ್ಲರಿಗೂ ಸೇರಿದ್ದನ್ನು ಸೂಚಿಸುತ್ತಿದ್ದ ಪದ ಯಾರಿಗೂ ಬೇಡವಾದುದನ್ನು ಸೂಚಿಸುವ ಪದವಾದದ್ದು ಹೇಗೆ ಎಂಬುದನ್ನು ಚೆನ್ನೈ ಹಾಗೂ ಅದರ ಸುತ್ತಲಿನ ಹಳೆಯ ಚೆಂಗಲ್ಪಟ್ಟು ಸೀಮೆಯ ನೆಲದ ಚರಿತ್ರೆಯ ಮೂಲಕ ಪರಿಶೀಲಿಸುವುದು, ಸಂದರ್ಭ ಬಂದಲ್ಲಿ ಕನ್ನಡ ನಾಡಿನ ನಿದರ್ಶನಗಳೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2. ಶಾಸನಗಳಲ್ಲಿ ಕಳೆದು ಉಳಿಸಿದ ನೆಲ

ಪುಱಂಪೋಕ್ಕಿನ ಕಲ್ಪನೆ ಕಂಪನಿ ಸರ್ಕಾರದ ಕಂದಾಯ ವ್ಯವಸ್ಥೆಗಿಂತ ಬಹಳ ಹಿಂದಿನದು. 11ನೆಯ ಶತಮಾನದ ಆರಂಭದಲ್ಲಿ ಮೊದಲನೆಯ ರಾಜರಾಜ ಚೋಳನು ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಬಿಟ್ಟ ಊರುಗಳ ವಿವರ ಆ ದೇವಾಲಯದ ಶಾಸನಗಳಲ್ಲಿದೆ. ಅವುಗಳ ಒಕ್ಕಣೆಗೆ ಒಂದು ನಿಶ್ಚಿತ ಕ್ರಮವುಂಟು. ಮೊದಲು ಊರಿನ ಒಟ್ಟು ಅಳತೆಯನ್ನು ಹೇಳಿ, ಆಮೇಲೆ ಊರಿನ ನಿವೇಶನ, ಗುಡಿಗಳು, ಕೊಳಗಳು, ಊರ ಮೂಲಕ ಹಾದುಹೋಗುವ ಕಾಲುವೆಗಳು, ಕಮ್ಮಾರರ ಕೇರಿ, ಪರೈಯರ ಕೇರಿ, ಸುಡುಗಾಡು ಇವುಗಳ ವಿಸ್ತೀರ್ಣವನ್ನು ‘ಇಱೈಯಿಲಿ’ ಅಂದರೆ ತೆರಿಗೆಯಿಲ್ಲದ ನೆಲವೆಂದು ಕಳೆದು, ಉಳಿದ ಭೂಮಿಗೆ ಮಾತ್ರ ತೆರಿಗೆಯನ್ನು ನಿಗದಿಪಡಿಸಲಾಗಿದೆ. ಇಲ್ಲಿ ಕಳೆಯುವಿಕೆ ಎಂಬುದು ಕಡೆಗಣಿಸುವಿಕೆ ಅಲ್ಲ. ಅಳೆದು, ಹೆಸರಿಸಿ, ಕಲ್ಲಿನಲ್ಲಿ ಬರೆದು ಆಮೇಲೆ ಕಳೆದ ನೆಲ ಅದು. ತೆರಿಗೆ ಬೀಳದಿದ್ದುದರಿಂದ ಅದನ್ನು ಉತ್ತು ಬಿತ್ತಿ ಆದಾಯ ಪಡೆಯಬೇಕೆಂಬ ಒತ್ತಾಯ ಅರಸನ ಕಡೆಯಿಂದಲೂ ಬರುತ್ತಿರಲಿಲ್ಲ.

ಇಂಥ ನೆಲವನ್ನು ನೋಡಿಕೊಳ್ಳುತ್ತಿದ್ದವರು ಯಾರೆಂಬುದಕ್ಕೆ ಉತ್ತರ ಉತ್ತರಮೇರೂರಿನಲ್ಲಿದೆ. ಇಂದಿನ ಕಾಂಚೀಪುರಂ ಜಿಲ್ಲೆಗೆ ಸೇರಿದ ಈ ಊರಿನ ವೈಕುಂಠಪೆರುಮಾಳ್ ದೇವಾಲಯದಲ್ಲಿ ಮೊದಲನೆಯ ಪರಾಂತಕ ಚೋಳನ 12 ಮತ್ತು 14ನೆಯ ಆಳ್ವಿಕೆಯ ವರ್ಷಗಳ, ಅಂದರೆ ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರಿನ 30 ಕೇರಿಗಳಿಂದ ಓಲೆಚೀಟಿಗಳನ್ನು ಕೊಡದಲ್ಲಿ ಹಾಕಿ, ಬಾಲಕನೊಬ್ಬನಿಂದ ಎತ್ತಿಸಿ ಸದಸ್ಯರನ್ನು ಆರಿಸುವ ‘ಕುಡವೋಲೈ’ ಪದ್ಧತಿಗಾಗಿ ಇವು ಪ್ರಸಿದ್ಧವಾಗಿವೆ. ಈ ಆಯ್ಕೆಯ ವಿಧಾನದ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಆಯ್ಕೆಯಾದವರ ಕೆಲಸವೇನು ಎಂಬುದರ ಕಡೆಗೆ ಅಷ್ಟೇ ಗಮನ ಹರಿದಿಲ್ಲ. ವರ್ಷದ ಸಮಿತಿಯ ಜೊತೆಗೆ ತೋಟದ ಸಮಿತಿ (ತೋಟ್ಟವಾರಿಯಂ) ಮತ್ತು ಕೆರೆಯ ಸಮಿತಿ (ಏರಿವಾರಿಯಂ) ಎಂಬ ಪ್ರತ್ಯೇಕ ಸಮಿತಿಗಳಿದ್ದವು. ಕೆರೆಯ ಸಮಿತಿಯಲ್ಲಿ ಆರು ಜನ, ತೋಟದ ಸಮಿತಿಯಲ್ಲಿ ಹನ್ನೆರಡು ಜನ. ಅವಧಿ 360 ದಿನ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಮತ್ತೆ ಆಯ್ಕೆಗೆ ಅನರ್ಹರು. ತೆರಿಗೆಯ ಲೆಕ್ಕದಿಂದ ಹೊರಗಿದ್ದ ಕೆರೆ ಊರಿನ ಲೆಕ್ಕದಿಂದ ಹೊರಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಈ ಸಭೆ ಬ್ರಾಹ್ಮಣರ ಸಭೆಯಾಗಿತ್ತು. ಕಾಲು ವೇಲಿಗಿಂತ ಹೆಚ್ಚು ತೆರಿಗೆ ಕೊಡುವ ಭೂಮಿ ಮತ್ತು ಸ್ವಂತ ನಿವೇಶನದಲ್ಲಿ ಮನೆ ಉಳ್ಳವರಿಗೆ ಮಾತ್ರ ಸಾಮಾನ್ಯವಾಗಿ ಅದರಲ್ಲಿ ಪ್ರವೇಶವಿತ್ತು. ಇದನ್ನು ಇಲ್ಲಿಯೇ ಹೇಳಿಬಿಡಬೇಕು. ರಾಜರಾಜನ ಶಾಸನದಲ್ಲಿ ಪರೈಯರ ಕೇರಿ ಮತ್ತು ಸುಡುಗಾಡು ಕೆರೆಯ ಜೊತೆಯಲ್ಲೇ ‘ಕಳೆದ ನೆಲ’ದ ಪಟ್ಟಿಯಲ್ಲಿ ಬರುತ್ತವೆ. ಊರಿನ ಸಾಮಾನ್ಯ ಭೂಮಿ ಎಂಬ ಕಲ್ಪನೆಯ ಒಳಗೇ ಊರು ಮತ್ತು ಕೇರಿಯ ಭೇದ ಅಡಕವಾಗಿತ್ತು. ಈ ಸಂಗತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಕನ್ನಡ ಶಾಸನಗಳ ಅಭ್ಯಾಸಿಗಳಿಗೆ ಇದೆಲ್ಲ ಅಪರಿಚಿತವಲ್ಲ. ಕೆರೆಯ ಅಚ್ಚುಕಟ್ಟಿನ ಒಂದು ಪಾಲನ್ನು ಕೆರೆಯ ನಿರ್ವಹಣೆಗೆ ಮೀಸಲಿಡುವ ‘ಬಿತ್ತುವಟ್ಟ’, ಕೆರೆ ಕಟ್ಟಿದವರಿಗೆ ಅಥವಾ ನೋಡಿಕೊಳ್ಳುವವರಿಗೆ ಬಿಟ್ಟ ‘ಕಟ್ಟುಗೊಡಗೆ’ ನಮ್ಮ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ತುರುಗೋಳಿನ ವೀರಗಲ್ಲುಗಳನ್ನು ನಾವು ಸಾಮಾನ್ಯವಾಗಿ ಶೌರ್ಯದ ಸ್ಮಾರಕಗಳೆಂದು ಓದುತ್ತೇವೆ. ಅವುಗಳನ್ನು ನೆಲದ ದಾಖಲೆಗಳೆಂದೂ ಓದಲು ಸಾಧ್ಯವಿದೆ: ತುರು ಇದ್ದಲ್ಲಿ ಅದು ಮೇಯುವ ಬಯಲು ಇರಲೇಬೇಕು, ಆ ಬಯಲು ಊರಿನ ಅಂಚಿನಲ್ಲಿ, ಎರಡು ಊರುಗಳ ನಡುವೆ ಇದ್ದುದರಿಂದಲೇ ಅಲ್ಲಿ ಕಾದಾಟ ನಡೆಯಿತು. ಕ್ರಿ.ಶ. 1369ರ ಪೊರುಮಾಮಿಳ್ಳ ಶಾಸನವು ವಿಜಯನಗರದ ರಾಜಕುಮಾರ ಭಾಸ್ಕರನು ಇಂದಿನ ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯ ಬಗ್ಗೆ ಹೇಳುತ್ತ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಎಣಿಸುತ್ತದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿಗಳಂತೆ ಎರಡು ವರ್ಷ ನಡೆದ ಕೆಲಸವದು. ಚೋಳಮಂಡಲ, ತೊಂಡೈಮಂಡಲ, ಕನ್ನಡ ನಾಡು, ರಾಯಲಸೀಮೆ ಇವುಗಳಲ್ಲೆಲ್ಲ ಕೆರೆ ಮತ್ತು ಬಯಲಿನ ರಕ್ಷಣೆ ಆಡಳಿತದ ಒಂದು ಸ್ಪಷ್ಟ ವಿಷಯವಾಗಿತ್ತೆಂದು ಇವುಗಳಿಂದ ಹೇಳಬಹುದು.

3. ಜಾಗೀರು, ಮಿರಾಸಿ, ಕೌಲು

ಈಸ್ಟ್ ಇಂಡಿಯಾ ಕಂಪನಿ 1639ರಲ್ಲಿ ವಿಜಯನಗರದ ಅಧೀನ ನಾಯಕರಿಂದ ಕಡಲತೀರದ ಒಂದು ತುಂಡು ನೆಲವನ್ನು ಪಡೆಯಿತು. ಮುಂದೆ 1693ರಲ್ಲಿ ಎಗ್ಮೋರ್, ಪುರಸೈವಾಕ್ಕಂ, ತೊಂಡೈಯಾರ್‌ಪೇಟೆ, 1708ರಲ್ಲಿ ನುಂಗಂಬಾಕ್ಕಂ, ಹೀಗೆ ಒಂದೊಂದೇ ಬೇಸಾಯದ ಊರು ಅದರ ಕೈಗೆ ಬಂದಿತು. 1763ರಲ್ಲಿ ಆರ್ಕಾಟಿನ ನವಾಬ ಮುಹಮ್ಮದ್ ಅಲಿಯಿಂದ ಚೆಂಗಲ್ಪಟ್ಟು ಸೀಮೆ ಜಾಗೀರಾಗಿ ದೊರೆತ ಮೇಲೆ ಕಂಪನಿಯು ಒಂದು ದೊಡ್ಡ ಕೃಷಿಪ್ರದೇಶದ ಒಡೆತನ ಪಡೆಯಿತು. 1767ರಿಂದ 1774ರವರೆಗೆ ಎಂಜಿನಿಯರ್ ಥಾಮಸ್ ಬರ್ನಾರ್ಡ್ ನಡೆಸಿದ ಸರ್ವೇಕ್ಷಣೆ ಈ ಸೀಮೆಯ ಸುಮಾರು 2000 ಊರುಗಳನ್ನು ಒಳಗೊಂಡಿತ್ತು. ಊರಿನ ನೆಲದಲ್ಲಿ ಗದ್ದೆ ಎಷ್ಟು, ಕೆರೆ ಎಷ್ಟು, ತೋಪು ಎಷ್ಟು ಎಂಬ ವಿವರ ಅದರಲ್ಲಿದೆ. ಗಾಂಧಿವಾದಿ ಚಿಂತಕ ಧರ್ಮಪಾಲರು ಈ ದಾಖಲೆಗಳ ಮಹತ್ವವನ್ನು 20ನೆಯ ಶತಮಾನದಲ್ಲಿ ಮತ್ತೆ ಗಮನಕ್ಕೆ ತಂದರು.

1794ರಿಂದ 1798ರವರೆಗೆ ಜಾಗೀರಿನ ಕಲೆಕ್ಟರ್ ಆಗಿದ್ದ ಲಯನೆಲ್ ಪ್ಲೇಸ್ ಯುದ್ಧಗಳಿಂದ ಹಾಳುಬಿದ್ದ ಕೆರೆಗಳ ದುರಸ್ತಿಗೆ ಕೈಹಾಕಿದನು. ಅವನ ಗುರಿ ಕಂದಾಯದ ಹೆಚ್ಚಳವಾಗಿತ್ತು. ಆದರೆ ಕೆರೆಯಿಲ್ಲದೆ ಕಂದಾಯವಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಮಧುರಾಂತಕದ ಕೆರೆಯ ಏರಿ ಮಳೆಗಾಲದಲ್ಲಿ ಮತ್ತೆಮತ್ತೆ ಒಡೆಯುತ್ತಿದ್ದಾಗ, ಒಂದು ರಾತ್ರಿ ರಾಮಲಕ್ಷ್ಮಣರು ಬಿಲ್ಲು ಹಿಡಿದು ಏರಿಯನ್ನು ಕಾಯುತ್ತಿದ್ದುದನ್ನು ಆತ ಕಂಡನೆಂಬ ಐತಿಹ್ಯವಿದೆ. ಅಲ್ಲಿನ ದೇವರಿಗೆ ‘ಏರಿಕಾತ್ತ ರಾಮರ್’, ಅಂದರೆ ಕೆರೆಯನ್ನು ಕಾಯ್ದ ರಾಮ ಎಂದೇ ಹೆಸರು. ಪರದೇಶದ ಅಧಿಕಾರಿಯನ್ನೂ ತನ್ನ ಕೆರೆಯ ಕಥೆಯೊಳಗೆ ಸೇರಿಸಿಕೊಂಡ ಈ ಐತಿಹ್ಯ, ಏರಿಯನ್ನು ಕಾಯುವುದು ದೇವಕಾರ್ಯಕ್ಕೆ ಸಮಾನವೆಂದು ಊರು ಭಾವಿಸಿದ್ದಕ್ಕೆ ಸಾಕ್ಷಿಯಾಗಿದೆ.

ಇದೇ ಸೀಮೆಯ ವೇಡಂತಾಂಗಲ್ ಇನ್ನೂ ಮುಖ್ಯವಾದ ನಿದರ್ಶನ. ‘ತಾಂಗಲ್’ ಎಂದರೆ ಸಣ್ಣ ಕೆರೆ. ಸುಮಾರು 30 ಹೆಕ್ಟೇರಿನ ಈ ಕೆರೆಯ ನಡುವಿನ ಮರಗಳಲ್ಲಿ ಪ್ರತಿವರ್ಷ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆ ಬೆರೆತ ನೀರು ಗದ್ದೆಗೆ ಗೊಬ್ಬರವಾಗುವುದನ್ನು ಊರವರು ಅರಿತಿದ್ದರು. ಆದ್ದರಿಂದ ಹಕ್ಕಿಗಳಿಗೆ ಯಾರೂ ಕೇಡು ಮಾಡದಂತೆ ನೋಡಿಕೊಂಡರು. ಸೈನಿಕರು ಹಕ್ಕಿಗಳನ್ನು ಬೇಟೆಯಾಡತೊಡಗಿದಾಗ ಊರವರು ದೂರು ಕೊಟ್ಟು, ಪ್ಲೇಸನಿಂದ ಬೇಟೆಯನ್ನು ತಡೆಯುವ ಹಕ್ಕಿನ ಕೌಲನ್ನು ಬರೆಯಿಸಿಕೊಂಡರೆಂದು ಅಲ್ಲಿನ ಪರಂಪರೆ ಹೇಳುತ್ತದೆ. 1998ರಲ್ಲಿ ಕೆರೆಯ ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯೂ ಸೇರಿದಂತೆ ಇದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2020ರಲ್ಲಿ ಆ ವ್ಯಾಪ್ತಿಯನ್ನು ಕುಗ್ಗಿಸುವ ಪ್ರಸ್ತಾವ ಬಂದಾಗ ತೀವ್ರ ವಿರೋಧ ವ್ಯಕ್ತವಾಯಿತು. 2022ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿಯೂ ಹಕ್ಕಿಗಳು ಊರೊಳಗಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದಕ್ಕೆ ಸಮುದಾಯ ಮೀಸಲು ಪ್ರದೇಶದ ಸ್ಥಾನ ದೊರೆಯಿತು. ಎರಡೂ ಕಡೆ ಹಕ್ಕಿ, ನೀರು, ಗದ್ದೆಗಳನ್ನು ಬೇರ್ಪಡಿಸದೆ ಕಂಡದ್ದರಿಂದಲೇ ರಕ್ಷಣೆ ಸಾಧ್ಯವಾಯಿತು.

ಊರಿನ ಪಾಳುನೆಲ ಯಾರದು ಎಂಬ ಪ್ರಶ್ನೆ 19ನೆಯ ಶತಮಾನದ ಆರಂಭದಲ್ಲಿ ತೀವ್ರಗೊಂಡಿತು. 1810ರಿಂದ 1819ರವರೆಗೆ ಮದರಾಸಿನ ಕಲೆಕ್ಟರ್ ಆಗಿದ್ದ ಎಫ್. ಡಬ್ಲ್ಯು. ಎಲ್ಲಿಸ್‌ನನ್ನು ನಾವು 1816ರಲ್ಲಿ ದ್ರಾವಿಡ ಭಾಷೆಗಳ ಸ್ವತಂತ್ರ ಮೂಲವನ್ನು ನಿರೂಪಿಸಿದ ವಿದ್ವಾಂಸನೆಂದು ಬಲ್ಲೆವು. ಅವನೇ 1818ರಲ್ಲಿ ತನ್ನ ಶಿರಸ್ತೇದಾರ ಶಂಕರಯ್ಯನ ನೆರವಿನಿಂದ ತೊಂಡೈಮಂಡಲದ ಮಿರಾಸಿ ಹಕ್ಕನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಬರೆದನು. ಮಿರಾಸಿ ಅಥವಾ ‘ಕಾಣಿಯಾಟ್ಚಿ’ ಎಂಬುದು ಊರಿನ ಒಟ್ಟು ನೆಲದಲ್ಲಿನ ಪಾಲು. ಆ ಪಾಲಿನ ಹಕ್ಕು ಗದ್ದೆಗೆ ಮಾತ್ರವಲ್ಲದೆ ಪಾಳುನೆಲಕ್ಕೂ ಅನ್ವಯಿಸುತ್ತದೆ ಎಂಬುದು ಅವನ ವಾದದ ತಿರುಳು. ಆಡಳಿತ ಮಾತ್ರ ಕ್ರಮೇಣ ರೈತವಾರಿ ಪದ್ಧತಿಯ ಕಡೆಗೆ ವಾಲಿತು. ಪ್ರತಿಯೊಂದು ತುಂಡು ನೆಲಕ್ಕೂ ಒಬ್ಬ ಪಟ್ಟಾದಾರ. ಪಟ್ಟಾ ಇಲ್ಲದ ನೆಲವೆಲ್ಲ ಸರ್ಕಾರದ್ದು. ಕೆರೆಯೂ ಮಂದೆಯ ಬಯಲೂ ತೋಪೂ ‘ಪೊರಂಬೋಕು’ ಎಂಬ ಒಂದೇ ಕಾಲಮಿನಲ್ಲಿ ಬಂದು ಕುಳಿತವು. ಹಳೆಯ ಶಾಸನದಲ್ಲಿ ತೆರಿಗೆಯಿಂದ ಕಳೆದು ಊರಿಗೆ ಉಳಿಸಿದ್ದ ನೆಲ ಈಗ ಊರಿನಿಂದ ಕಳೆದು ಸರ್ಕಾರಕ್ಕೆ ಸೇರಿತು. ಅದರಿಂದ ಸರ್ಕಾರಕ್ಕೂ ವರಮಾನವಿಲ್ಲ. ವರಮಾನ ತಾರದ ನೆಲ ಬರಿಯ ಹಾಳುನೆಲ ಎಂಬ ಭಾವನೆ ಬೆಳೆದದ್ದು ಇಲ್ಲಿಂದ.

ಮೈಸೂರು ಸೀಮೆಯ ಕಂದಾಯ ಭಾಷೆಯಲ್ಲಿ ಈ ಭಾವನೆ ಇನ್ನೂ ನೇರವಾಗಿದೆ. ಅಲ್ಲಿ ಇಂಥ ನೆಲಕ್ಕೆ ‘ಖರಾಬು’ ಎಂದು ಹೆಸರು. ಅರಬ್ಬಿ ಮೂಲದ ಈ ಪದದ ಅರ್ಥವೇ ಕೆಟ್ಟದ್ದು, ಹಾಳಾದದ್ದು. ಉಳಲು ಬಾರದ ನೆಲ ‘ಎ’ ಖರಾಬು. ಕೆರೆ, ದಾರಿ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದ ನೆಲ ‘ಬಿ’ ಖರಾಬು. ಎಲ್ಲರ ಉಪಯೋಗಕ್ಕೆ ಬರುವ ನೆಲ ಕೆಟ್ಟ ನೆಲದ ಎರಡನೆಯ ದರ್ಜೆಯಾಯಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನಲ್ಲಿ ಮಾತ್ರ ‘ಕುಮ್ಕಿ’ ಎಂಬ ಬೇರೊಂದು ವ್ಯವಸ್ಥೆ ಉಳಿಯಿತು. ವರ್ಗದ ಭೂಮಿಗೆ ಹೊಂದಿಕೊಂಡ ನೂರು ಗಜದ ವ್ಯಾಪ್ತಿಯ ಸರ್ಕಾರಿ ನೆಲದಿಂದ ಸೊಪ್ಪು, ಮೇವು, ಸೌದೆ ಪಡೆಯುವ ಸವಲತ್ತು ಅದು. ಒಡೆತನ ಸರ್ಕಾರದ್ದು, ಉಪಯೋಗ ರೈತನದು. ಸಾಗುವಳಿಯ ನೆಲಕ್ಕೂ ಸಾಗುವಳಿಯಿಲ್ಲದ ನೆಲಕ್ಕೂ ಇರುವ ನಂಟನ್ನು ಕಾನೂನು ಒಪ್ಪಿಕೊಂಡ ಅಪರೂಪದ ಉದಾಹರಣೆಯಾಗಿ ಇದನ್ನು ಗಮನಿಸಬೇಕು.

4. ಕೇರಿಯ ಕಡೆಯಿಂದ

ಮೇಲಿನ ವಿವರಣೆಯಷ್ಟನ್ನೇ ಓದಿದರೆ ಪೂರ್ವದಲ್ಲಿ ಊರು ತನ್ನ ಬಯಲನ್ನು ಸುಖವಾಗಿ ಕಾಪಾಡಿಕೊಂಡಿತ್ತು, ಪರಕೀಯ ಆಡಳಿತ ಅದನ್ನು ಕೆಡಿಸಿತು ಎಂಬ ಸರಳ ನಿರ್ಣಯಕ್ಕೆ ಬರುವ ಅಪಾಯವಿದೆ. 1891ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರ್ ಜೆ. ಎಚ್. ಎ. ಟ್ರೆಮೆನ್‌ಹೀರ್ ಆ ಜಿಲ್ಲೆಯ ಪರೈಯರ ಸ್ಥಿತಿಯನ್ನು ಕುರಿತು ಬರೆದ ಟಿಪ್ಪಣಿ ಇನ್ನೊಂದು ಚಿತ್ರವನ್ನು ಕೊಡುತ್ತದೆ. ಗದ್ದೆಯಲ್ಲಿ ದುಡಿಯುವವರಿಗೆ ಒಂದಂಗುಲ ನೆಲವಿಲ್ಲ; ಮನೆಯ ನಿವೇಶನವೂ ತಮ್ಮದಲ್ಲ; ಪಾಳುನೆಲಕ್ಕಾಗಿ ಅರ್ಜಿ ಹಾಕಿದರೆ ಮಿರಾಸುದಾರರು ತಮ್ಮ ಪೂರ್ವಹಕ್ಕನ್ನು ಮುಂದೊಡ್ಡಿ ಅಡ್ಡಬರುತ್ತಾರೆ. ಎಲ್ಲಿಸ್ ಯಾವ ಹಕ್ಕನ್ನು ಪರಂಪರೆಯ ಸತ್ವವೆಂದು ಎತ್ತಿಹಿಡಿದನೋ ಅದೇ ಹಕ್ಕು ದುಡಿಯುವವರನ್ನು ಭೂಮಿಯಿಂದ ದೂರವಿಡುವ ಸಾಧನವೂ ಆಗಿತ್ತು. ಈ ಟಿಪ್ಪಣಿಯ ಫಲವಾಗಿ 1892ರಲ್ಲಿ ಶೋಷಿತ ವರ್ಗದವರಿಗೆ ನೆಲ ಹಂಚುವ ಆಜ್ಞೆ ಹೊರಟಿತು. ಹೀಗೆ ಕೊಟ್ಟ ನೆಲಕ್ಕೆ ‘ಪಂಚಮಿ’ ಭೂಮಿ ಎಂದು ಹೆಸರಾಯಿತು. ಅದನ್ನು ಅನ್ಯರಿಗೆ ಪರಭಾರೆ ಮಾಡಬಾರದೆಂಬ ನಿಬಂಧನೆ ಇದ್ದರೂ ಬಹುಪಾಲು ಭೂಮಿ ಕೈತಪ್ಪಿಹೋಯಿತು. 1994ರ ಅಕ್ಟೋಬರಿನಲ್ಲಿ ಚೆಂಗಲ್ಪಟ್ಟು ಸಮೀಪದ ಕಾರಣೈ ಎಂಬಲ್ಲಿ ಪಂಚಮಿ ಭೂಮಿಯನ್ನು ಮರಳಿ ಪಡೆಯುವ ಹೋರಾಟದ ಸಂದರ್ಭದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು.

ಕರ್ನಾಟಕದ ಗೋಮಾಳಗಳ ವಿಷಯದಲ್ಲಿಯೂ ಇದೇ ಇಕ್ಕಟ್ಟು ಇದೆ. 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಇರಬೇಕು. ಆದರೆ ಭೂಹೀನನಿಗೆ ಉಳಲು ಸಿಗುವ ನೆಲವೂ ಹೆಚ್ಚಾಗಿ ಗೋಮಾಳವೇ. ಬಗರ್ ಹುಕುಂ ಸಾಗುವಳಿಯ ದೊಡ್ಡ ಪಾಲು ಅಲ್ಲಿಯೇ ನಡೆದಿದೆ. ಆದ್ದರಿಂದ ಬಯಲನ್ನು ಉಳಿಸಬೇಕೆಂಬ ಮಾತು ಯಾರ ಬಾಯಿಂದ, ಯಾರ ವಿರುದ್ಧ ಬರುತ್ತಿದೆ ಎಂಬುದನ್ನು ಪ್ರತಿ ಸಂದರ್ಭದಲ್ಲೂ ಕೇಳಿಕೊಳ್ಳಬೇಕು. ಒಂದೆಕರೆ ಉತ್ತು ಬದುಕುವವನನ್ನೂ ನೂರೆಕರೆಗೆ ಬೇಲಿ ಹಾಕುವವನನ್ನೂ ‘ಒತ್ತುವರಿದಾರ’ ಎಂಬ ಒಂದೇ ಪದದಿಂದ ಕರೆಯುವುದು ಕಂದಾಯ ಭಾಷೆಯ ಇನ್ನೊಂದು ದೋಷ.

5. ನಗರ ನುಂಗಿದ ಕೆರೆಗಳು

ಮದರಾಸು ನಗರದ ಪಶ್ಚಿಮದ ಅಂಚಿನಲ್ಲಿ ಮೈಲಾಪುರದ ಕೆರೆ ಮತ್ತು ನುಂಗಂಬಾಕ್ಕದ ಕೆರೆ ಒಂದಕ್ಕೊಂದು ಸೇರಿಕೊಂಡು ಉದ್ದವಾಗಿ ಚಾಚಿದ್ದವು. ಹಳೆಯ ನಕಾಶೆಗಳಲ್ಲಿ ಅದಕ್ಕೆ ಲಾಂಗ್ ಟ್ಯಾಂಕ್ ಎಂದು ಹೆಸರು. 1920ರಲ್ಲಿ ಮದರಾಸಿನ ನಗರಯೋಜನಾ ಕಾಯಿದೆ ಬಂದಿತು. ಅದೇ ದಶಕದಲ್ಲಿ ಮಾಂಬಲಂ ಬಡಾವಣೆಯ ಯೋಜನೆ ರೂಪುಗೊಂಡು, 1930ರ ಸುಮಾರಿಗೆ ಕೆರೆಯ ನೀರನ್ನು ಹೊರಬಿಟ್ಟು ನೆಲವನ್ನು ನಿವೇಶನಗಳಾಗಿ ವಿಂಗಡಿಸಲಾಯಿತು. ಜಸ್ಟಿಸ್ ಪಕ್ಷದ ನಾಯಕ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರಿನ ತ್ಯಾಗರಾಯನಗರ ಬೆಳೆದದ್ದು ಹೀಗೆ. ನುಂಗಂಬಾಕ್ಕದ ಕೆರೆಯಲ್ಲಿ ಉಳಿದಿದ್ದ ಭಾಗವೂ ಕ್ರಮೇಣ ತುಂಬಿತು. 1976ರಲ್ಲಿ ಉದ್ಘಾಟನೆಯಾದ ವಳ್ಳುವರ್ ಕೋಟ್ಟಂ ನಿಂತಿರುವುದು ಆ ಕೆರೆಯ ಅಂಗಳದಲ್ಲಿ. ಯೋಜಕರ ದೃಷ್ಟಿಯಲ್ಲಿ ಕೆರೆ ಆಗ ಅನಗತ್ಯವಾಗಿತ್ತು: ಅದರ ಅಚ್ಚುಕಟ್ಟಿನ ಗದ್ದೆಗಳು ಮನೆಗಳಾಗಿದ್ದವು, ಕುಡಿಯುವ ನೀರು ಬೇರೆಡೆಯಿಂದ ಕೊಳವೆಯಲ್ಲಿ ಬರುತ್ತಿತ್ತು. ಗದ್ದೆ ಹೋದ ಮೇಲೆ ಕೆರೆಗೆ ಕಾಯುವವರಿಲ್ಲ. ಕೆರೆ ಹೋದ ಮೇಲೆ ಉಳಿದ ಗದ್ದೆಗೆ ನೀರಿಲ್ಲ. ನಗರದ ಸುತ್ತಲಿನ ಬೇಸಾಯ ಅಳಿದ ಕ್ರಮ ಇದು.

ನೆಲ ಹೋದರೂ ಹೆಸರುಗಳು ಉಳಿದಿವೆ. ಮಂದೈವೆಳಿ ಎಂದರೆ ಮಂದೆಯ ಬಯಲು; ‘ಮಂದೆ’ ಕನ್ನಡಕ್ಕೂ ತಮಿಳಿಗೂ ಸಮಾನ ಪದ. ಇಂದು ಅದು ಬಸ್ ನಿಲ್ದಾಣ ಮತ್ತು ಅಂಗಡಿಸಾಲುಗಳಿಂದ ತುಂಬಿದ ಬಡಾವಣೆ. ನುಂಗಂಬಾಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ, ಪಶ್ಚಿಮ ಮಾಂಬಲದಲ್ಲಿ ಲೇಕ್ ವ್ಯೂ ರಸ್ತೆ ಇವೆ. ಬಂಡೂ ಇಲ್ಲ, ಕಾಣಲು ಕೆರೆಯೂ ಇಲ್ಲ. ಪಳವಂತಾಂಗಲ್ ಎಂಬ ಹೆಸರಿನಲ್ಲಿ ತಾಂಗಲ್ ಇದೆ, ಓಟ್ಟೇರಿಯಲ್ಲಿ ಏರಿ ಇದೆ. ಬೆಂಗಳೂರನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸ್ಥಳನಾಮಗಳ ಅಧ್ಯಯನ ನಮ್ಮಲ್ಲಿ ವ್ಯುತ್ಪತ್ತಿಯ ಚರ್ಚೆಯಲ್ಲಿಯೇ ಹೆಚ್ಚಾಗಿ ನಿಂತಿದೆ. ಹೆಸರಿನಲ್ಲಿರುವ ಕೆರೆ, ತೋಪು, ಬಯಲುಗಳನ್ನು ಹಳೆಯ ಸರ್ವೇಕ್ಷಣೆಯ ನಕಾಶೆಯ ಮೇಲೆ ಗುರುತಿಸಿದರೆ ನೀರು ಹರಿಯುತ್ತಿದ್ದ ದಾರಿಯೇ ಕಣ್ಣಮುಂದೆ ಬರುತ್ತದೆ.

ದಕ್ಷಿಣದ ಪಳ್ಳಿಕರಣೈ ಜವುಗಿನ ಚರಿತ್ರೆ ಇನ್ನೂ ಈಚಿನದು. ಸುತ್ತಲಿನ ಹಲವು ಕೆರೆಗಳ ಕೋಡಿಯ ನೀರು ಬಂದು ಹರಡಿ, ನಿಧಾನವಾಗಿ ಸಮುದ್ರ ಸೇರುವ ಹುಲ್ಲುಗಾವಲಿನಂಥ ತಗ್ಗಿಗೆ ಅಲ್ಲಿ ‘ಕೞುವೆಳಿ’ ಎಂದು ಹೆಸರು. ಕೆಲವು ದಶಕಗಳ ಹಿಂದೆ ಸುಮಾರು 5000 ಹೆಕ್ಟೇರುಗಳಷ್ಟಿದ್ದ ಈ ಜವುಗಿನಲ್ಲಿ ಇಂದು ಉಳಿದಿರುವುದು ಒಂದು ಸಣ್ಣ ಭಾಗ ಮಾತ್ರ. ಅದರ ಒಂದು ಪಾಲು ಪೆರುಂಗುಡಿಯ ಕಸದ ರಾಶಿಗೆ ಹೋಯಿತು. ಇನ್ನೊಂದು ಪಾಲಿನಲ್ಲಿ ರಸ್ತೆ, ಕಚೇರಿ, ವಸತಿ ಸಮುಚ್ಚಯಗಳು ಎದ್ದವು. ಕಂದಾಯ ದಾಖಲೆಯಲ್ಲಿ ಅದು ಬರಿಯ ಪಾಳುಜವುಗು. 2007ರಲ್ಲಿ 317 ಹೆಕ್ಟೇರನ್ನು ಮೀಸಲು ಅರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಸುಮಾರು 1247 ಹೆಕ್ಟೇರಿನ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು. ಈ ಎರಡರ ನಡುವೆ 2015ರ ಡಿಸೆಂಬರಿನ ಮಹಾಪ್ರವಾಹ ಸಂಭವಿಸಿತು. ನೀರು ತನ್ನ ಹಳೆಯ ತಗ್ಗುಗಳನ್ನು ಹುಡುಕಿಕೊಂಡು ಬಂದು ಬಡಾವಣೆಗಳನ್ನು ಮುಳುಗಿಸಿತು. ನಾಲ್ಕು ವರ್ಷಗಳ ಅನಂತರ 2019ರ ಬೇಸಿಗೆಯಲ್ಲಿ ನಗರದ ಜಲಾಶಯಗಳು ಬತ್ತಿ ಜನ ಕೊಡಗಳನ್ನು ಹಿಡಿದು ಸಾಲುಗಟ್ಟಿ ನಿಂತರು. ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿಕೊಡುವುದೇ ಕೆರೆಯ ಕೆಲಸ. ಆ ಕೆಲಸ ನಿಂತದ್ದರಿಂದ ನೆರೆಯೂ ಬರವೂ ಒಂದೇ ನಗರದಲ್ಲಿ ಬೆನ್ನುಬೆನ್ನಿಗೆ ಬಂದವು.

6. ಕಾನೂನು ಮತ್ತು ಗ್ರಾಮಸಭೆ

21ನೆಯ ಶತಮಾನದ ಆರಂಭದಿಂದ ನ್ಯಾಯಾಲಯಗಳ ನಿಲುವು ಸ್ಪಷ್ಟವಾಗುತ್ತ ಬಂದಿದೆ. 2001ರಲ್ಲಿ ಹಿಂಚಲಾಲ್ ತಿವಾರಿ ಪ್ರಕರಣದಲ್ಲಿ ಕೊಳಗಳಂಥ ಸಮುದಾಯದ ಸಂಪತ್ತನ್ನು ನಿವೇಶನವಾಗಿ ಹಂಚಬಾರದೆಂದೂ, 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಗಳ ಸಾಮಾನ್ಯ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಿ ಗ್ರಾಮಪಂಚಾಯತಿಗೆ ಮರಳಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯ ಹೇಳಿತು. ಭೂಹೀನರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಕೊಟ್ಟ ನೆಲಕ್ಕೆ ಎರಡನೆಯ ತೀರ್ಪು ವಿನಾಯಿತಿಯ ಅವಕಾಶವಿಟ್ಟದ್ದು ಹಿಂದಿನ ಭಾಗದಲ್ಲಿ ಎತ್ತಿದ ಪ್ರಶ್ನೆಯ ದೃಷ್ಟಿಯಿಂದ ಮಹತ್ವದ್ದು. ತಮಿಳುನಾಡು ಸರ್ಕಾರ 2007ರಲ್ಲಿ ಕೆರೆಗಳ ರಕ್ಷಣೆ ಮತ್ತು ಒತ್ತುವರಿ ತೆರವಿನ ಕಾಯಿದೆಯನ್ನು ತಂದಿತು. ಆದರೆ 2023ರಲ್ಲಿ ಅದೇ ರಾಜ್ಯದ ವಿಧಾನಸಭೆ ವಿಶೇಷ ಯೋಜನೆಗಳಿಗಾಗಿ ಭೂಮಿಯನ್ನು ಒಗ್ಗೂಡಿಸುವ ಕಾಯಿದೆಯನ್ನು ಅಂಗೀಕರಿಸಿತು. ನೂರು ಹೆಕ್ಟೇರಿಗೆ ಕಡಿಮೆಯಿಲ್ಲದ ದೊಡ್ಡ ಯೋಜನೆಗಳ ವ್ಯಾಪ್ತಿಯಲ್ಲಿ ಬರುವ ಕೆರೆ, ಕಾಲುವೆಗಳನ್ನೂ ಆ ಯೋಜನೆಯೊಳಗೆ ಸೇರಿಸಿಕೊಳ್ಳಲು ಇದು ದಾರಿ ಮಾಡಿಕೊಡುತ್ತದೆಂದು ರೈತಸಂಘಟನೆಗಳು ವಿರೋಧಿಸಿದವು. ಒಂದು ಕಾಯಿದೆ ಕೆರೆಯನ್ನು ಒತ್ತುವರಿಯಿಂದ ಕಾಯುತ್ತದೆ. ಇನ್ನೊಂದು ಕಾಯಿದೆ, ಒತ್ತುವರಿ ದೊಡ್ಡದಾಗಿದ್ದರೆ ಅದಕ್ಕೆ ಯೋಜನೆಯೆಂದು ಹೆಸರಿಡಲು ಅವಕಾಶ ಕೊಡುತ್ತದೆ.

ಈ ಪ್ರಶ್ನೆ ಇಂದು ಜೀವಂತವಾಗಿರುವುದು ಪರಂದೂರಿನಲ್ಲಿ. ಕಾಂಚೀಪುರದ ಸಮೀಪದ ಈ ಪ್ರದೇಶದಲ್ಲಿ ಚೆನ್ನೈಯ ಎರಡನೆಯ ವಿಮಾನನಿಲ್ದಾಣ ಬರುವುದೆಂದು 2022ರ ಆಗಸ್ಟಿನಲ್ಲಿ ಪ್ರಕಟವಾಯಿತು. ಇದಕ್ಕೆ ಬೇಕಾಗುವ ನೆಲದಲ್ಲಿ ಗದ್ದೆಗಳಿವೆ, ಹಲವು ಕೆರೆಗಳಿವೆ, ಅವುಗಳನ್ನು ಜೋಡಿಸುವ ಕಾಲುವೆಗಳಿವೆ. ಏಕನಾಪುರಂ ಎಂಬ ಊರು ಪೂರ್ಣವಾಗಿ ಸ್ಥಳಾಂತರಗೊಳ್ಳಬೇಕಾಗುತ್ತದೆ. ಅಲ್ಲಿಯ ಜನ ಸಂಜೆಸಂಜೆ ಸೇರಿ ಪ್ರತಿಭಟನೆ ನಡೆಸಿದರು. ಗ್ರಾಮಸಭೆಗಳಲ್ಲಿ ಮತ್ತೆಮತ್ತೆ ಯೋಜನೆಯ ವಿರುದ್ಧ ನಿರ್ಣಯಗಳನ್ನು ಅಂಗೀಕರಿಸಿದರು. ಉತ್ತರಮೇರೂರು ಇರುವುದೂ ಇದೇ ಕಾಂಚೀಪುರಂ ಜಿಲ್ಲೆಯಲ್ಲಿ. ಸಾವಿರದ ನೂರು ವರ್ಷಗಳ ಹಿಂದಿನ ಅದರ ಸಭೆಯನ್ನು ಪ್ರಜಾಪ್ರಭುತ್ವದ ತೊಟ್ಟಿಲೆಂದು ನಾವು ಭಾಷಣಗಳಲ್ಲಿ ಹೊಗಳುತ್ತೇವೆ. ಆ ಸಭೆಗಿಂತ ಇಂದಿನ ಗ್ರಾಮಸಭೆ ಬಹಳ ವಿಶಾಲವಾದದ್ದು; ಅದರಲ್ಲಿ ಕೇರಿಯವರೂ ಹೆಂಗಸರೂ ಭೂಹೀನರೂ ಸಮಾನ ಸದಸ್ಯರು. ಆದರೆ ಅಂದಿನ ಸಭೆಗೆ ತನ್ನ ಕೆರೆಯ ಮೇಲಿದ್ದ ಅಧಿಕಾರ ಇಂದಿನ ಗ್ರಾಮಸಭೆಗಿಲ್ಲ; ಅದರ ನಿರ್ಣಯ ಒಂದು ಮನವಿಯಾಗಿ ಮಾತ್ರ ಉಳಿಯುತ್ತದೆ.

ನಿರ್ಣಯಕ್ಕೆ ಬೆಲೆ ಬಂದ ಉದಾಹರಣೆಯೂ ಇದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆ ಭೂಮಿಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಕ್ರಮದ ವಿರುದ್ಧ ರೈತರು ಮೂರು ವರ್ಷಗಳಿಗೂ ಮೀರಿ ಹೋರಾಡಿದರು. 2025ರ ಜುಲೈ 15ರಂದು ಈ ಸ್ವಾಧೀನವನ್ನು ಕೈಬಿಡುವುದಾಗಿ ಕರ್ನಾಟಕದ ಮುಖ್ಯಮಂತ್ರಿಗಳು ಪ್ರಕಟಿಸಿದರು. ಅಲ್ಲಿ ಭೂಮಿ ಕಳೆದುಕೊಳ್ಳಲಿದ್ದವರಲ್ಲಿ ಸಣ್ಣ ಹಿಡುವಳಿದಾರರೂ ದಲಿತ ಕುಟುಂಬಗಳೂ ಇದ್ದವು. ಊರು ಮತ್ತು ಕೇರಿ ಎರಡೂ ಕೂಡಿ ನಿಂತ ಹೋರಾಟ ಅದಾಗಿತ್ತು ಎಂಬುದನ್ನು ಚೆಂಗಲ್ಪಟ್ಟಿನ 1891ರ ಚಿತ್ರದೊಡನೆ ಹೋಲಿಸಿ ನೋಡಬೇಕು.

7. ಉಪಸಂಹಾರ

2017ರ ಜನವರಿಯಲ್ಲಿ ಗಾಯಕ ಟಿ. ಎಂ. ಕೃಷ್ಣ ಅವರು ‘ಚೆನ್ನೈ ಪೊರಂಬೋಕ್ಕು ಪಾಡಲ್’ ಎಂಬ ಹಾಡನ್ನು ಹಾಡಿದರು. ಉತ್ತರ ಚೆನ್ನೈಯ ಎಣ್ಣೂರು ಅಳಿವೆಯ ಒತ್ತುವರಿಯನ್ನು ಕುರಿತ ಆ ಹಾಡು ಬೈಗುಳವಾಗಿದ್ದ ಪದವನ್ನು ಶಾಸ್ತ್ರೀಯ ರಾಗಗಳಲ್ಲಿ ಕೂರಿಸಿ ಅದರ ಹಳೆಯ ಅರ್ಥವನ್ನು ನೆನಪಿಗೆ ತಂದಿತು. ಪದದ ಮಾನ ಮರಳಿದರೆ ನೆಲ ಮರಳುವುದಿಲ್ಲ. ಆದರೆ ದಾಖಲೆಯಲ್ಲಿ ನೆಲಕ್ಕೆ ಯಾವ ಹೆಸರಿದೆ ಎಂಬುದರ ಮೇಲೆಯೇ ಅದರ ಭವಿಷ್ಯ ನಿಂತಿರುವುದನ್ನು ಮೇಲಿನ ಚರ್ಚೆಯಲ್ಲಿ ಕಂಡಿದ್ದೇವೆ. ‘ಇಱೈಯಿಲಿ’ ಎಂದು ಬರೆದಾಗ ಉಳಿದ ನೆಲ ‘ಖರಾಬು’ ಎಂದು ಬರೆದಾಗ ಉಳಿಯಲಿಲ್ಲ.

ಹೊರನಾಡಿನಲ್ಲಿ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ. ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳಲ್ಲಿ ಊರುಗಳ ಕೆರೆ, ಕಟ್ಟೆ, ಕಾಲುವೆಗಳ ವಿವರಗಳು ಹರಡಿಕೊಂಡಿವೆ. ರಾಜಕೀಯ ಚರಿತ್ರೆಗಾಗಿ ಅವುಗಳನ್ನು ಬಳಸಿದಷ್ಟು ನೆಲದ ಚರಿತ್ರೆಗಾಗಿ ಬಳಸಿಲ್ಲ. ಶಾಸನಗಳಲ್ಲಿ ದಾನಿಯ ವಂಶಾವಳಿಯನ್ನು ಓದಿ ನಿಲ್ಲಿಸುವ ನಾವು ಗಡಿಯ ವಿವರಗಳನ್ನು, ಅಂದರೆ ಮೂಡಣಕ್ಕೆ ಯಾವ ಹಳ್ಳ, ತೆಂಕಣಕ್ಕೆ ಯಾವ ಗುಂಡುತೋಪು ಎಂಬುದನ್ನು, ಅಷ್ಟೇ ಎಚ್ಚರದಿಂದ ಓದಬೇಕಾಗಿದೆ. ತಮಿಳು, ಕನ್ನಡ, ತೆಲುಗು, ತುಳು ಪ್ರದೇಶಗಳ ಸಾಮಾನ್ಯ ಭೂಮಿಯ ಪದಕೋಶವೊಂದು ಸಿದ್ಧವಾದರೆ ಭಾಷಾವಿದರಿಗಷ್ಟೇ ಅಲ್ಲ, ಗ್ರಾಮಸಭೆಯಲ್ಲಿ ನಿಂತು ಈ ನೆಲ ಪಾಳಲ್ಲ, ಇದು ನಮ್ಮ ಮಂದೆಯ ಬಯಲು ಎಂದು ವಾದಿಸಬೇಕಾದವರಿಗೂ ಅದು ಆಧಾರವಾಗುತ್ತದೆ. ಪರಂದೂರಿನಂಥ ಊರುಗಳ ಕೆರೆಗಳು ನಕಾಶೆಯಲ್ಲಿ ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕು. ಮಂದೈವೆಳಿಯ ವಿಷಯದಲ್ಲಿ ನಮಗೆ ದಕ್ಕಿರುವುದು ಹೆಸರು ಮಾತ್ರ.